ಕುರಿಗಳು ನೀರಿಗಿಳಿಯುವ ಜಾಗ

ಸಂತಪುರದ ಈಚೆಗೆ, ಕಾಲುವೆ ಮುಗಿದು ಕೆರೆ ಶುರುವಾಗುವಲ್ಲಿ, ಧೊಂಡಿಬಾನ ಕುರಿಗಳು ನೀರಿಗಿಳಿಯುತ್ತಿದ್ದ ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಹಾಕಿದರು. ಗೇಟಿನ ಎರಡೂ ಬದಿಗೆ ಕಂಬ ನೆಟ್ಟು ಮುಳ್ಳುತಂತಿ ಎಳೆದರು. ಆ ದಾರಿಯಲ್ಲಿ ಯಾರೂ ನಡೆದಿರಲಿಲ್ಲ ಎಂದು ಹೇಳಿದವಳು ರೆಬೆಕ್ಕಾ.

ಹೇಳಿದ್ದಳೆ? ಶನಿವಾರ ಬೆಳಿಗ್ಗೆ ಆರೂವರೆಗೆ ಭಾಲ್ಕಿಯ ಹೊರಗೆ ಕಾಲುವೆಯ ದಂಡೆಗೆ ಸೈಕಲ್ ಹತ್ತಿಸುವಾಗಲೂ ಅವಳಿಗೆ ಅದು ನಿಕ್ಕಿಯಾಗಿರಲಿಲ್ಲ. ಹೇಳಿದ್ದು ಹೌದು, ಮೊಬೈಲಿನಲ್ಲಿ ವೀಡಿಯೋ ಇದೆ, ತನ್ನದೇ ಬಾಯಿ, ತನ್ನದೇ ಬಿಳಿ ಸೀರೆ. ಆದರೆ ಹೇಳಿದ್ದು ಅದನ್ನಲ್ಲ. ಹ್ಯಾಂಡಲ್ಲಿಗೆ ಕಟ್ಟಿದ ಚೀಲದಲ್ಲಿ ನಾಲ್ಕು ಮಡಿಕೆಯ ಕಾಗದವೊಂದಿತ್ತು. ಚಕ್ರ ಕಲ್ಲು ಹತ್ತಿಳಿದಾಗಲೆಲ್ಲ ಅದು ಒಳಗೆ ಸರಕ್ಕನೆ ಸದ್ದು ಮಾಡುತ್ತಿತ್ತು, ಪಕ್ಕದಲ್ಲಿ ಯಾರೋ ಕೂತು ಲೊಚಗುಟ್ಟಿದ ಹಾಗೆ. ಈ ಹಾದಿಯನ್ನು ಮೊದಲು ಸರ್ವೆ ಮಾಡಿದ ನಾನು, ಸದರಿ ಜಾಗದಲ್ಲಿ ಜನರ ಅಥವಾ ಜಾನುವಾರುಗಳ ಓಡಾಟ ಇರಲಿಲ್ಲವೆಂದು ದೃಢೀಕರಿಸುತ್ತೇನೆ, ಎಂದು ಅದರಲ್ಲಿ ಟೈಪು ಮಾಡಿತ್ತು. ಕೆಳಗೆ ಅವಳ ಹೆಸರು, ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯ ಹೆಸರು, ದೈಹಿಕ ಶಿಕ್ಷಕಿ ಎಂಬ ಹುದ್ದೆ, ಸಹಿಗೆ ಬಿಟ್ಟ ಜಾಗ. ಕಾಗದ ಕಳಿಸಿದವನು ಸ್ವಪ್ನಿಲ, ಬೀದರಿನಲ್ಲಿ ಸೈಕಲ್ ಅಂಗಡಿ ಇಟ್ಟು ಕ್ಲಬ್ಬು ನಡೆಸುವವನು. ಒಂಬತ್ತಕ್ಕೆ ಅವನು ಕಾಲುವೆ ಆಫೀಸಿನ ಸಾಹೇಬರನ್ನು ಕರೆದುಕೊಂಡು ಗೇಟಿನ ಹತ್ತಿರ ಬರುತ್ತಾನೆ. ಧೊಂಡಿಬಾ ಔರಾದಕ್ಕೆ ಹೋಗಿ ಕೊಟ್ಟ ತಕರಾರು ಅರ್ಜಿ ಅವಳ ಸಹಿ ಬಿದ್ದರೆ ಮುಗಿಯುತ್ತದೆ. ನಾಳೆ ಭಾನುವಾರ ಬೀದರ್ ಕೋಟೆಯಿಂದ ಔರಾದದವರೆಗೆ, ಕೆರೆ ಕಾಲುವೆಗಳ ಗರಸು ದಾರಿ ಹಿಡಿದು, ಅರವತ್ತು ಸೈಕಲ್ಲುಗಳು ಬರುತ್ತವೆ. ಅವುಗಳಲ್ಲಿ ಹನ್ನೊಂದರ ಮೇಲೆ ಅವಳ ಶಾಲೆಯ ಹುಡುಗಿಯರು ಇರುತ್ತಾರೆ, ಓಟ ಮುಗಿದ ಮೇಲೆ ಆ ಹನ್ನೊಂದು ಸೈಕಲ್ಲು ಶಾಲೆಗೇ ಉಳಿಯುತ್ತವೆ. ದಿನಾ ನಾಲ್ಕು ಮೈಲಿ ನಡೆದು ಬರುವ ಗುಲಶನ ಈಗಾಗಲೇ ಒಂದರ ಹ್ಯಾಂಡಲ್ಲಿಗೆ ಕೆಂಪು ರಿಬ್ಬನ್ನು ಕಟ್ಟಿದ್ದಾಳೆ. ಇದನ್ನೆಲ್ಲ ಯಾರೂ ಷರತ್ತು ಎಂದು ಹೇಳಿರಲಿಲ್ಲ. ಸ್ವಪ್ನಿಲ ಕಾಗದದ ಜೊತೆಗೆ ಹುಡುಗಿಯರ ಟೀ ಶರ್ಟಿನ ಅಳತೆ ಕೇಳಿದ್ದ, ಅಷ್ಟೆ.

ಗರಸಿನ ಮೇಲೆ ಓಡಿಸುವಾಗ ಟೈರಿನಲ್ಲಿ ಗಾಳಿ ಕಡಿಮೆ ಇರಬೇಕು. ಬಿಗಿಯಾಗಿ ತುಂಬಿದರೆ ಚಕ್ರ ಪ್ರತಿ ಕಲ್ಲಿಗೂ ಸಿಟ್ಟಾಗುತ್ತದೆ, ಸ್ವಲ್ಪ ಬಿಟ್ಟರೆ ಕಲ್ಲನ್ನು ಒಳಗೆ ತೆಗೆದುಕೊಂಡು ಮುಂದೆ ಹೋಗುತ್ತದೆ. ಇದನ್ನು ಕಲಿಸಿದವನೂ ಸ್ವಪ್ನಿಲನೇ. ಅದಕ್ಕೂ ಮೊದಲು ಅವಳಿಗಿದ್ದದ್ದು ಬುಟ್ಟಿಯ ಲೇಡೀಸ್ ಸೈಕಲ್ಲು, ಬೀದರಿನ ಮಿಷನ್ ಕಂಪೌಂಡಿನ ಮನೆಯಿಂದ ಭಾಲ್ಕಿಗೆ ಬಂದು ನೆಲೆಸಿದಾಗ ರೈಲಿನ ಲಗೇಜಿನಲ್ಲಿ ಹಾಕಿಕೊಂಡು ತಂದದ್ದು. ಈ ದಪ್ಪ ಟೈರಿನ ಸೈಕಲ್ಲನ್ನು ಅವನು, ಓಡಿಸಿ ನೋಡ್ರಿ ಮೇಡಮ್, ನಿಮ್ಮ ಎತ್ತರಕ್ಕ ಬರಾಬರ್ ಅದ, ಎಂದು ಕೊಟ್ಟಿದ್ದ. ನಲವತ್ತಮೂರನೆಯ ವಯಸ್ಸಿನಲ್ಲಿ ಯಾರೋ ತನ್ನ ಎತ್ತರವನ್ನು ಅಳೆದಿದ್ದರು. ಮೊದಲ ಭಾನುವಾರ ಕೋಟೆಯ ಮುಂದೆ ಹೈದರಾಬಾದಿನಿಂದ ಬಂದ ಹುಡುಗನೊಬ್ಬ, ಕಾಲಿಗೆ ಅಂಟಿಕೊಂಡ ಕರಿ ಚಡ್ಡಿ, ಕಣ್ಣಿಗೆ ಕನ್ನಡಿಯಂಥ ಗಾಗಲ್ಲು, ಅವಳ ಕೈಗೆ ತನ್ನ ಸೈಕಲ್ಲು ಕೊಟ್ಟು, ಆಂಟಿ ಜರಾ ಪಕಡ್ನಾ, ಎಂದು ಮೂತ್ರಕ್ಕೆ ಹೋಗಿದ್ದ. ಅವಳು ಹಿಡಿದುಕೊಂಡು ನಿಂತಿದ್ದಳು. ತಾನೂ ಓಡಿಸಲು ಬಂದವಳೆಂದು ಹೇಳಲು ಅವನು ಬರುವವರೆಗೆ ಕಾದಳು, ಬಂದ ಮೇಲೆ ಹೇಳಲಿಲ್ಲ. ಆಮೇಲೆ ಚೂಡಿದಾರದ ಅಂಚು ಚೈನಿಗೆ ಸಿಕ್ಕು ಹರಿಯಿತು. ಅದೇ ಹುಡುಗ ಇಳಿದು ಬಿಡಿಸಿದ. ಅವಮಾನ ಮಾಡಿದವನು ಉಪಕಾರ ಮಾಡಿದಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವಳಿಗೆ ಎಂದೂ ತಿಳಿದದ್ದಿಲ್ಲ.

ಎಡಕ್ಕೆ ಕಾಲುವೆ. ನೀರು ಬಿಟ್ಟಿರಲಿಲ್ಲ, ಸಿಮೆಂಟಿನ ತಳದಲ್ಲಿ ಮಣ್ಣು ಒಡೆದು ಹೋಳು ಹೋಳಾಗಿ ಬಿದ್ದಿತ್ತು. ಬಲಕ್ಕೆ ತೊಗರಿಯ ಹೊಲ, ಆಚೆ ಕಬ್ಬು. ಟಿಟ್ಟಿಭವೊಂದು ಮುಂದೆ ಮುಂದೆ ಓಡಿ, ಕೂಗಿ, ಮತ್ತೆ ಓಡುತ್ತಿತ್ತು, ಅದರ ಮೊಟ್ಟೆಯನ್ನು ಕದಿಯಲು ಇವಳು ಇಷ್ಟು ದೂರ ಬಂದವಳಂತೆ. ಜನವರಿಯಲ್ಲಿ ಬಂದಾಗ ನೀರಿತ್ತು, ಕಾಲುವೆ ತುಂಬ. ಮಾಂಜ್ರಾ ಸೇತುವೆ ದಾಟಿದ ಮೇಲೆ ಉಪಕಾಲುವೆಯ ದಂಡೆ ಹಿಡಿದು, ಮೊಬೈಲಿನಲ್ಲಿ ಹಾದಿ ದಾಖಲಾಗಲು ಬಿಟ್ಟು, ಒಬ್ಬಳೇ ಬಂದಿದ್ದಳು. ಸ್ವಪ್ನಿಲ ಹೇಳಿದ್ದು ಇಷ್ಟೆ: ಡಾಂಬರು ಸಿಗದಂತೆ ಸಂತಪುರದ ಕೆರೆ ಮುಟ್ಟುವ ದಾರಿ ಹುಡುಕಿ ಕೊಡಿ, ಉಳಿದದ್ದು ನನಗೆ ಬಿಡಿ. ಒಂದು ಕಡೆ ಕಾಲುವೆಯ ಸೇತುವೆ ಕುಸಿದಿತ್ತು. ಮುಂದೆ ಬರೀ ಜಾಲಿ. ಹಿಂದಿನ ಚಕ್ರ ನೆಲಕ್ಕೆ ಕೂತಿತು. ಪಂಚರ್ ಸಾಮಾನು ಬಿಚ್ಚಿ ಹರವಿಕೊಂಡು ಕೂತಳು. ಆಗ ಗಂಟೆಯ ಸದ್ದು ಕೇಳಿತು, ಆಮೇಲೆ ವಾಸನೆ ಬಂತು, ಆಮೇಲೆ ಕುರಿಗಳು, ಎಲ್ಲಕ್ಕಿಂತ ಕೊನೆಗೆ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ ಮನುಷ್ಯ. ಅವನು ಏನೂ ಕೇಳಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಟೈರನ್ನು ಕುರಿಯ ಗೊರಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು, ಉಗುರಿನಿಂದ ಮುಳ್ಳು ತೆಗೆಯತೊಡಗಿದ.

“ಈ ಕಡಿಂದ ಕೆರಿಗಿ ಹೋಗ್ಲಿಕ್ಕಿ ದಾರಿ ಅದ ಏನ್ರಿ?” ಎಂದು ಅವಳು ಕೇಳಿದ್ದಳು.

“ಅದರಿ ಬಾಯಾರ. ಕುರಿ ಹಿಂದ ಬರ್ರಿ. ಅವು ಮೆತ್ತನ ನೆಲದಾಗ ಕಾಲಿಡಂಗಿಲ್ಲ.”

ಬಂದಿದ್ದಳು. ತೇಪೆ ಹಚ್ಚಿದ ಚಕ್ರದ ಮೇಲೆ ಒಂದೂವರೆ ಕಿಲೋಮೀಟರು, ಸೈಕಲ್ಲು ಹತ್ತಿ ಇಳಿದು, ಇಳಿದು ಹತ್ತಿ, ಕಿವಿ ಹರಿದ ಮುದಿ ಕುರಿಯೊಂದು ಎಲ್ಲಕ್ಕೂ ಮುಂದೆ, ಅದರ ಹಿಂದೆ ನೂರಾರು ಬೆನ್ನು, ಕೊನೆಗೆ ಅವಳು. ಆ ನೆಲ ಎಂಥದು! ಬೇರೆ ಎಲ್ಲ ಕಡೆ ಗರಸು ಕಾಲಡಿ ಉರುಳುತ್ತಿತ್ತು, ಇಲ್ಲಿ ಮಾತ್ರ ಗೊರಸುಗಳು ಬಡಿದು ಬಡಿದು ಕೂರಿಸಿದ್ದವು, ತಟ್ಟಿದ ರೊಟ್ಟಿಯ ಹಿಟ್ಟಿನಂತೆ. ಚಕ್ರ ಸದ್ದೇ ಮಾಡಲಿಲ್ಲ. ನಾಳೆ ಓಡಿಸುವ ಅರವತ್ತು ಜನ ಈ ತುಂಡನ್ನೇ ಹೊಗಳುತ್ತಾರೆ, ಪ್ರಯೋಗಕ್ಕೆಂದು ಬಂದುಹೋದ ನಾಲ್ವರು ಆಗಲೇ ಹೊಗಳಿದ್ದಾರೆ, ಎಂಥಾ ನೈಸರ್ಗಿಕ ನೆಲ ಎಂದಿದ್ದಾರೆ. ಕೆರೆ ಕಂಡಾಗ ಬಿಸಿಲು ಅದರ ಮೇಲೆ ಪೂರ್ತಿ ಬಿದ್ದಿತ್ತು. ಕುರಿಗಳು ಒಮ್ಮೆಗೇ ನುಗ್ಗದೆ, ಒಂದೊಂದು ಸಾಲಾಗಿ ಇಳಿದವು. ಆ ಮನುಷ್ಯ ತನ್ನ ತಂಬಿಗೆಯಿಂದ ಅವಳಿಗೆ ನೀರು ಕೊಟ್ಟ. ತಂಬಿಗೆಯನ್ನು ಎತ್ತಿ ಹಿಡಿದು, ತುಟಿಗೆ ತಾಗಿಸದೆ, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಅವಳು ಕುಡಿದಳು. ಅವನಿಗೆ ಬೇಸರವಾಗದಿರಲೆಂದು ಎತ್ತಿ ಕುಡಿದಳೋ, ತನಗೇ ಹೇಸಿಗೆಯೋ? ಕಂಪೌಂಡಿನಲ್ಲಿ ಅಜ್ಜಿ ಹೇಳುತ್ತಿದ್ದಳು, ನಮ್ಮವರಿಗೆ ಮೇಲಿಂದ ನೀರು ಹೊಯ್ಯುತ್ತಿದ್ದರು, ಬೊಗಸೆ ಒಡ್ಡುತ್ತಿದ್ದೆವು, ಮಿಷನ್ನಿನವರು ಬಂದ ಮೇಲೆ ಕೈಗೆ ಲೋಟ ಬಂತು ಎಂದು. ಇವನು ತಂಬಿಗೆಯನ್ನೇ ಕೈಗೆ ಕೊಟ್ಟಿದ್ದ. ಹೆಸರು ಕೇಳಿದ್ದಳು. ಧೊಂಡಿಬಾ ಅಂದಿದ್ದ. ಮರೆತಿರಲಿಲ್ಲ, ಇದನ್ನು ಅವಳು ಆಣೆ ಮಾಡಿ ಹೇಳಬಲ್ಲಳು, ಎಂದೂ ಮರೆತಿರಲಿಲ್ಲ.

ಹಾಗಾದರೆ ಸ್ವಪ್ನಿಲನ ಅಂಗಡಿಯಲ್ಲಿ ಯಾಕೆ ಹಾಗೆ ಹೇಳಿದಳು? ಕಂಪ್ಯೂಟರಿನ ಮೇಲೆ ಅವಳ ಹಾದಿ ನೀಲಿ ಗೆರೆಯಾಗಿ ಹರಿದಿತ್ತು, ಕೆರೆಯ ಹತ್ತಿರದ ತುಂಡು ಮಾತ್ರ ಕೆಂಪಗಿತ್ತು. “ಇಲ್ಲಿ ಯಾಕ ಇಷ್ಟ್ ಸ್ಲೋ ಆದ್ರಿ ಮೇಡಮ್? ನಡಕೋತ ಹೋದಂಗದ” ಎಂದು ಅವನು ಕೇಳಿದ. ಅಂಗಡಿಯಲ್ಲಿ ಇನ್ನೂ ಇಬ್ಬರಿದ್ದರು, ಒಬ್ಬ ಅದೇ ಗಾಗಲ್ಲಿನ ಹುಡುಗ. ಕುರಿಯ ಹಿಂದೆ ಬಂದೆ ಎಂಬ ಮಾತು ಗಂಟಲವರೆಗೆ ಬಂದು, ಅಲ್ಲಿಂದ ಆ ಹುಡುಗನ ಕಣ್ಣಿನ ಕನ್ನಡಿಯನ್ನು ನೋಡಿ, ತಿರುಗಿ ಹೋಯಿತು. “ಗಾಳಿ ಇತ್ತರಿ, ಎದುರುಗಾಳಿ” ಎಂದಳು. ಅಷ್ಟೆ. ಗಾಳಿ ಇರಲೂಬಹುದು. ಜನವರಿಯಲ್ಲಿ ಮೂಡಣದಿಂದ ಬೀಸುತ್ತದಲ್ಲ. ಸ್ವಪ್ನಿಲ ಆ ತುಂಡಿಗೆ ಅವಳ ಹೆಸರನ್ನೇ ಇಟ್ಟ, ರೆಬೆಕ್ಕಾ ಕೂಟು. ಕೂಟು ಅಂದರೆ ದಾರಿಗಳು ಕೂಡುವ ಜಾಗ. ಅವಳ ಹೆಸರಿನಲ್ಲಿ ಜಗತ್ತಿನಲ್ಲಿ ಬೇರೇನೂ ಇರಲಿಲ್ಲ. ರೇಷನ್ ಕಾರ್ಡೂ ಅಕ್ಕ ಗ್ಲೋರಿಯ ಹೆಸರಿನಲ್ಲಿತ್ತು.

ಗ್ಲೋರಿ ನರ್ಸು. ಅವಳಿಗೆ ಸಾಕ್ಷಿಗಳಿಗೆ ಬರವಿಲ್ಲ. ತಿಂಗಳ ಕೊನೆಯ ಭಾನುವಾರ, ಆರಾಧನೆ ಮುಗಿಯುವ ಮೊದಲು ಯಾರ ಬದುಕಿನಲ್ಲಿ ಕರ್ತನು ಏನು ಮಾಡಿದನೆಂದು ಎದ್ದು ನಿಂತು ಹೇಳುವ ಹೊತ್ತಿನಲ್ಲಿ, ಗ್ಲೋರಿ ಎದ್ದು ನಿಂತರೆ ಸತ್ತವರು ಕಣ್ಣು ಬಿಡುತ್ತಿದ್ದರು, ಬತ್ತಿದ ಎದೆಯಲ್ಲಿ ಹಾಲು ಬರುತ್ತಿತ್ತು. ಎಲ್ಲರೂ ಹಾಗೇ ಹೇಳುವುದು. ಜ್ವರ ಮೂರು ದಿನದಲ್ಲಿ ಇಳಿದಿದ್ದರೆ ಮೂರು ಗಂಟೆಯಲ್ಲಿ ಇಳಿಯಿತು ಅನ್ನುತ್ತಾರೆ, ಡಾಕ್ಟರು ಔಷಧ ಬರೆದಿದ್ದರೆ ಡಾಕ್ಟರು ಕೈಬಿಟ್ಟರು ಅನ್ನುತ್ತಾರೆ. ಸುಳ್ಳೆಂದು ಯಾರಿಗೂ ಅನ್ನಿಸುವುದಿಲ್ಲ, ನಡುವೆ ನಿಂತ ಮನುಷ್ಯರನ್ನು ಸ್ವಲ್ಪ ಸರಿಸಿದರೆ ದೇವರು ಚೆನ್ನಾಗಿ ಕಾಣುತ್ತಾನೆ. ರೆಬೆಕ್ಕಾ ಇಪ್ಪತ್ತು ವರ್ಷ ಆ ಬೆಂಚಿನಲ್ಲಿ ಕೂತೇ ಇದ್ದಳು. “ನಿಂಗ ಕರ್ತ ಏನೂ ಮಾಡೇ ಇಲ್ಲೇನ್ ಬೆಕ್ಕಿ?” ಎಂದು ಗ್ಲೋರಿ ಪ್ರತಿ ಸಲ ಮನೆಗೆ ಹೋಗುವಾಗ ಕೇಳುವಳು, ತಮಾಷೆಗೆ. ಫೆಬ್ರವರಿಯ ಆ ಭಾನುವಾರ ಪಾಸ್ಟರ್ ಬೆಂಜಮಿನ, ಇನ್ನಾರಾದರೂ ಇದ್ದೀರಾ, ಎಂದು ಕೇಳಿದಾಗ ಅವಳ ಮೊಣಕಾಲುಗಳು ಅವಳನ್ನು ಕೇಳದೆ ಎದ್ದವು. ಬಾಯಿಂದ ಬಂದದ್ದು ಮನೆಯ ಮಾತಲ್ಲ, ಬೋಧಪೀಠದ ಕನ್ನಡ. ನಾನು ಕಾಡಿನಲ್ಲಿ ದಾರಿ ತಪ್ಪಿದಾಗ, ಯಾವ ಮನುಷ್ಯನೂ ಕಾಲಿಡದ ದಾರಿಯನ್ನು ಕರ್ತನು ನನಗೆ ತೋರಿಸಿದನು. ಸ್ತೋತ್ರ, ಎಂದಿತು ಇಡೀ ಚರ್ಚು. ಆ ಒಂದು ಶಬ್ದ ಅವಳ ಮೈಯನ್ನು ಹೊಕ್ಕು ಹೊರಟಿತು. ಯಾವ ಮನುಷ್ಯನೂ ಎಂದಳೋ, ಯಾರೂ ಎಂದಳೋ ಎಂದು ನೋಡಲು ಆಮೇಲೆ ವೀಡಿಯೋವನ್ನು ಹನ್ನೊಂದು ಸಲ ಹಾಕಿದ್ದಾಳೆ. ಎಂದದ್ದು ಯಾವ ಮನುಷ್ಯನೂ ಎಂದೇ. ಹಿಂದಿನ ಬೆಂಚಿನಿಂದ ಮೊಬೈಲು ಹಿಡಿದು ತೆಗೆದವಳು ಗ್ಲೋರಿ, ಹೆಮ್ಮೆಯಿಂದ ಹತ್ತು ಗುಂಪುಗಳಿಗೆ ಕಳಿಸಿದವಳೂ ಗ್ಲೋರಿ. ಅದು ಸ್ವಪ್ನಿಲನಿಗೆ ಹೇಗೆ ಮುಟ್ಟಿತೋ, ದಾರಿಯನ್ನು ಸೈಕಲ್ಲಿಗೇ ಮೀಸಲಿಟ್ಟು ಗೇಟು ಹಾಕಲು ಕಾಲುವೆ ಆಫೀಸಿಗೆ ಕೊಟ್ಟ ಅರ್ಜಿಗೆ ಅವನು ಅದನ್ನು ಲಗತ್ತಿಸಿದ. ಸ್ಥಳೀಯ ಶಿಕ್ಷಕಿಯ ಮಾತು. ಆಗ ಆಫೀಸಿನವರಿಗೆ ಅಷ್ಟು ಸಾಕಾಗಿತ್ತು. ಧೊಂಡಿಬಾನ ತಕರಾರು ಬಂದ ಮೇಲೆ ಸಹಿ ಮಾಡಿದ ಕಾಗದ ಬೇಕಾಯಿತು.

ಅವಳು ಬ್ರೇಕು ಹಿಡಿದು ನಿಂತಳು. ಮಾಂಜ್ರಾ ಯಾವಾಗಲೋ ಹಿಂದೆ ಹೋಗಿತ್ತು. ಕುಸಿದ ಸೇತುವೆ ಇರಬೇಕಾದಲ್ಲಿ ಹೊಸ ಕೊಳವೆ ಹಾಕಿ ಮಣ್ಣು ತುಂಬಿದ್ದರು. ಅಲ್ಲಿಂದ ಮುಂದೆ ರೋಲರು ಓಡಿದ ಹೊಸ ಗರಸು, ಎಲ್ಲ ಕಡೆಗೂ ಒಂದೇ ಬಣ್ಣ, ಒಂದೇ ಅಗಲ. ಜಾಲಿಯನ್ನು ಬುಡಸಹಿತ ತೆಗೆದಿದ್ದರು. ಯಾವ ಗಿಡದ ಹತ್ತಿರ ಬಲಕ್ಕೆ ತಿರುಗಬೇಕು ಎಂದು ನೆನಪಿಟ್ಟುಕೊಂಡಿದ್ದಳೋ ಆ ಗಿಡವೇ ಇರಲಿಲ್ಲ. ನೆಲದ ಮೇಲೆ ಒಂದು ಹಿಕ್ಕೆಯಿಲ್ಲ, ಗೊರಸಿನ ಗುರುತಿಲ್ಲ, ಬೇಲಿಗೆ ಸಿಕ್ಕ ಉಣ್ಣೆಯ ಎಳೆಯಿಲ್ಲ. ಸಿಗ್ನಲ್ಲು ಸಿಗದೆ ಮೊಬೈಲಿನಲ್ಲಿ ಅವಳ ನೀಲಿ ಚುಕ್ಕೆ ನೀಲಿ ಗೆರೆಯ ಮೇಲೆಯೇ ಕದಲದೆ ನಿಂತು ಮಿಣುಕುತ್ತಿತ್ತು, ನೀನು ಸರಿಯಾಗಿದ್ದೀ, ನೀನು ಸರಿಯಾಗಿದ್ದೀ ಎಂದು. ಹಾಗಾದರೆ ಕೆರೆ ಎಲ್ಲಿ? ಬಲಕ್ಕೆ ಹೋದಳು, ಕಲ್ಲುಗಣಿಯ ಗುಂಡಿ ಬಂತು. ತಿರುಗಿ ಬಂದು ಎಡಕ್ಕೆ ಹೋದಳು, ಯಾರದೋ ಹೊಲದ ಬದು. ಸೂರ್ಯ ಯಾವ ಕಡೆಗಿದ್ದರೆ ಸಂತಪುರ ಎತ್ತ ಎಂದು ಲೆಕ್ಕ ಹಾಕಲು ಹೋಗಿ, ಹುಡುಗಿಯರಿಗೆ ಡ್ರಿಲ್ಲಿನಲ್ಲಿ ಹೇಳುವ ಹಾಗೆ ಬಾಯೇಂ, ದಾಯೇಂ, ಎಡ, ಬಲ ಎಂದು ತುಟಿಯಲ್ಲೇ ಹೇಳಿಕೊಂಡು, ತನ್ನ ಎಡಗೈ ಯಾವುದೆಂಬುದೇ ಒಂದು ಕ್ಷಣ ತಿಳಿಯದೆ ಹೋಯಿತು. ಒಂಬತ್ತಾಯಿತು. ಒಂಬತ್ತೂ ಇಪ್ಪತ್ತಾಯಿತು. ಕೊನೆಗೆ ಗಂಟೆಯ ಸದ್ದು ಕೇಳಿತು. ಕಾಡಿನಿಂದಲ್ಲ, ಡಾಂಬರು ರಸ್ತೆಯ ಕಡೆಯಿಂದ.

ಕುರಿಗಳು ರಸ್ತೆಯ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಲಾರಿ ಹಾರ್ನು ಹೊಡೆದಾಗಲೆಲ್ಲ ಇಡೀ ಹಿಂಡು ಒಂದೇ ಚರ್ಮದಂತೆ ಸುಕ್ಕಾಗುತ್ತಿತ್ತು. ಅವುಗಳನ್ನು ಕೋಲಿನಿಂದ ಒಳಗೆ ತಳ್ಳುತ್ತ ಬರುತ್ತಿದ್ದವಳು, ಕಚ್ಚೆ ಸೀರೆಯ, ಹಣೆ ತುಂಬ ಕುಂಕುಮದ ಹೆಂಗಸು, ಇವಳನ್ನೂ ಸೈಕಲ್ಲನ್ನೂ ಮೇಲಿಂದ ಕೆಳಗೆ ನೋಡಿ ನಿಂತಳು.

“ಸೈಕಲ್ ಬಾಯಾರು ನೀವೇ ಏನ್ರಿ? ಮೊಬೈಲ್ದಾಗ ಬಿಳಿ ಸೀರಿ ಉಟ್ಟಿದ್ರಲಾ?”

“ಹೌದ್ರಿ.”

“ನಾ ಧೊಂಡಿಬಾನ ಮನ್ಯಾಕಿ, ಲಲಿತಾಬಾಯಿ. ನಮ್ಮ ಸೊಸಿ ಸೋನಾಲಿ ತೋರಿಸಿದ್ಳು ನಿಮ್ಮ ಮಾತು. ಅವತ್ತಿಂದ ನಮ್ಮ ಮನ್ಯಾಗ ಭಾಳ ತ್ರಾಸ್ ಆಗ್ಯಾದ್ರಿ.”

“ಏನಾತ್ರಿ?” ಅಂದಳು ರೆಬೆಕ್ಕಾ, ಏನಾಗಿದೆಯೆಂದು ಗೊತ್ತಿದ್ದೂ.

“ಏನಿಲ್ಲರಿ. ನಿಮಗ ದಾರಿ ತೋರಿಸಿದ್ದು ನಮ್ಮ ಮನಿಯವ್ರು. ನೀವು ನೋಡಿದ್ರ ದ್ಯಾವ್ರು ತೋರಿಸಿದ ಅಂತೀರಿ. ಹಂಗಾದ್ರ ನಮ್ಮ ಮನಿಯವ್ರಿಗಿ ಈಗ ಏನನಬೇಕು? ನಿನ್ನಿ ದ್ಯಾವ್ರಿಗಿ ರೊಟ್ಟಿ ಕರಕಾಗ್ಯಾದಂತ ಸಿಟ್ಟ ಬಂದಿತ್ತು. ಬೀಡಿ ಸೇದ್ಕೋತ ಕುಂತಿತ್ತು ದ್ಯಾವ್ರು, ಬೆನ್ನ ತಿರುಗಿಸಿ.” ಅವಳು ನಗಲಿಲ್ಲ, ಕುರಿಯೊಂದರ ಕತ್ತನ್ನು ಮೊಣಕಾಲಿನಿಂದ ಒಳಗೆ ನೂಕಿದಳು. “ಆರ್ ದಿನದ ಕೆಳಗ ಇಲ್ಲೇ, ಈ ಕಲ್ಲಿನ ಬಲ್ಲಿ, ಲಾರಿ ಬಂದು ಎರಡ್ ಹೋದ್ವು. ಒಂದರ ಹೊಟ್ಯಾಗ ಮರಿ ಇತ್ತು. ಗೇಟ್ ಬಂದಾಗಿಂದ ನೀರಿಗಿ ಹಿಂಗೇ ಸುತ್ತು ಹಾಕ್ಬೇಕು, ಎರಡ್ ಕೋಸು.”

ತಪ್ಪಾಯಿತು ಎನ್ನಬೇಕೆಂದು ರೆಬೆಕ್ಕಾ ಬಾಯಿ ತೆರೆದಳು. ಬಂದ ಮಾತು ಬೇರೆ. “ಗೇಟಿಗಿ ಹ್ಯಾಂಗ ಹೋಗಬೇಕ್ರಿ? ನನಗ ದಾರಿ ಸಿಗವಲ್ದು.”

ಲಲಿತಾಬಾಯಿ ಆಗ ನಕ್ಕಳು. ಕೋಲನ್ನು ನೆಲಕ್ಕೂರಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. “ಅಯ್ಯ ನನ್ನವ್ವ! ಯಾವ ಮನುಷ್ಯಾನೂ ಕಾಲಿಡದ ದಾರಿ, ನನ್ನ ಕೇಳ್ತೀರೇನ್ರಿ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಡೀರಿ. ಅಲ್ಲಿಗೇ ಹೊಂಟೀವಿ. ಇವತ್ತ ಸಾಹೇಬ್ರು ಬರ್ತಾರಂತ, ಅವರಿಗಿ ಕುರಿ ತೋರಿಸಬೇಕಂತ ನಮ್ಮ ಮನಿಯವ್ರು ಮುಂದ ಹೋಗ್ಯಾರ. ಕುರಿ ಕಂಡ್ರ ದಾರಿನೂ ಕಾಣ್ತಾದಂತ. ಬರ್ರಿ ಹಿಂದ.”

ಮತ್ತೆ ಕುರಿಗಳ ಹಿಂದೆ. ಸೈಕಲ್ಲು ಹತ್ತದೆ, ಹ್ಯಾಂಡಲ್ಲು ಹಿಡಿದು ನಡೆದಳು. ಜನವರಿಯೋ ಇದು? ಕಿವಿ ಹರಿದ ಕುರಿ ಎಲ್ಲಕ್ಕೂ ಮುಂದೆ ಇದ್ದೇ ಇತ್ತು. ಬೆನ್ನುಗಳು ಹಾಗೇ ಏಳುತ್ತಿದ್ದವು, ಬೀಳುತ್ತಿದ್ದವು, ಧೂಳು ಹಾಗೇ ಹಲ್ಲಿನ ಮೇಲೆ ಕೂರುತ್ತಿತ್ತು. ಅಂದು ಇದನ್ನೆಲ್ಲ ತಾನು ನೋಡಿದ್ದು ನಿಜವಾದರೆ ಚರ್ಚಿನಲ್ಲಿ ನಿಂತವಳು ಯಾರು? ಚರ್ಚಿನಲ್ಲಿ ಮೈಯೆಲ್ಲ ಝುಮ್ಮೆಂದದ್ದೂ ನಿಜ, ಅದನ್ನು ಸುಳ್ಳೆನ್ನಲು ಅವಳಿಗೆ ಆಗಲೊಲ್ಲದು. ದೇವರು ತೋರಿಸಿದ ಎಂಬುದು ಸುಳ್ಳಲ್ಲ ಎಂದೇ ಈಗಲೂ ಅವಳಿಗೆ ಅನ್ನಿಸುತ್ತಿತ್ತು, ಆದರೆ ಅವನಿಗೆ ಜಾಗ ಮಾಡಿಕೊಡಲು ಒಬ್ಬ ಮನುಷ್ಯನನ್ನೂ ಇಷ್ಟೆಲ್ಲ ಕುರಿಗಳನ್ನೂ ತಾನು ಅಳಿಸಿದ್ದಳು. ಅಳಿಸಿದ ಜಾಗದಲ್ಲಿ ಈಗ ಗೇಟು ನಿಂತಿತ್ತು. ಅದು ದೂರದಿಂದಲೇ ಕಾಣುತ್ತಿತ್ತು, ಹಸಿರು ಬಣ್ಣ ಬಳಿದು, ಮೇಲೆ ಬಿಳಿಯ ಸೈಕಲ್ಲಿನ ಚಿತ್ರ, ಅದರ ಕೆಳಗೆ ರೆಬೆಕ್ಕಾ ಕೂಟು ಎಂಬ ಅಕ್ಷರ.

“ಎಲ್ಲಿ ಹೋಗಿದ್ರಿ ಮೇಡಮ್? ಹತ್ ಆತು ನೋಡ್ರಿ” ಎಂದು ಸ್ವಪ್ನಿಲ ಓಡಿ ಬಂದ. ಹಿಂದೆ ಜೀಪಿನ ನೆರಳಲ್ಲಿ ಕಾಲುವೆ ಆಫೀಸಿನ ಸಾಹೇಬರು ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಂತಿಯ ಕಂಬಕ್ಕೆ ಒರಗಿ ಧೊಂಡಿಬಾ ನಿಂತಿದ್ದ, ಕಂಬಳಿ ಹೆಗಲ ಮೇಲೆ ಹಾಗೇ. ಅವಳನ್ನು ನೋಡಿ ಕತ್ತು ಅಲ್ಲಾಡಿಸಿದ. ಗುರುತು ಹಿಡಿದನೆಂದೋ, ಬಿಸಿಲು ಜಾಸ್ತಿಯಾಯಿತೆಂದೋ.

“ಕಾಗದ ಓದಿದ್ರಲ್ಲ? ಇಲ್ಲಿ ಒಂದ ಸಹಿ ಹಾಕ್ರಿ, ಸಾಹೇಬ್ರು ಹೊಂಡ್ತಾರ.”

“ಸ್ವಪ್ನಿಲ, ಕುರಿ ಓಡಾಡ್ತಿದ್ವು ಇಲ್ಲಿ.”

“ಅವತ್ತ ಗಾಳಿ ಇತ್ತು ಅಂದಿದ್ರಿ.”

ಅವಳು ಹ್ಯಾಂಡಲ್ಲಿನ ಚೀಲದ ಮೇಲೆ ಕೈಯಿಟ್ಟಳು.

“ನಾ ನಿಮಗ ಸುಳ್ ಬರೀರಿ ಅಂತೀನೇನ್ರಿ? ನಿಮ್ಮ ಮಾತೇ ಅದು. ನಿಮ್ಮ ಚರ್ಚಿನಾಗ ನೀವೇ ನಿಂತು ಆಡಿದ ಮಾತು. ನಾ ಮ್ಯಾಲ ಒಂದ ಅಕ್ಷರ ಹಾಕಿಲ್ಲ.”

“ಅದು ಪ್ರಾರ್ಥನಿ ಹೊತ್ತಿನ ಮಾತ್ರಿ. ಅಲ್ಲಿ ಹಂಗ...”

“ಅಲ್ಲಿ ಹಂಗ ಅಂದ್ರ? ದೇವ್ರ ಮುಂದ ಸುಳ್ ಹೇಳಿದ್ರೇನು?” ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿಯಲು ಕೇಳಿದಂತಿತ್ತು. ಅದೇ ಅವಳ ಕಾಲಡಿಯ ನೆಲವನ್ನು ತೆಗೆದದ್ದು. ಹೌದೆಂದರೆ ಇಪ್ಪತ್ತು ವರ್ಷದ ಬೆಂಚು, ಗ್ಲೋರಿ, ಸ್ತೋತ್ರ ಎಂದ ಅಷ್ಟೂ ಬಾಯಿ ಸುಳ್ಳಾಗುತ್ತದೆ. ಇಲ್ಲವೆಂದರೆ ಈ ಕಂಬಕ್ಕೆ ಒರಗಿ ನಿಂತವನು ಸುಳ್ಳಾಗುತ್ತಾನೆ. ಹುಡುಗಿಯರಿಗೆ ಸೀಟಿ ಊದಿ ನಿಲ್ಲಿಸುವವಳು ಇಲ್ಲಿ ತನ್ನನ್ನು ನಿಲ್ಲಿಸಿಕೊಳ್ಳಲಾರದೆ, ಚೀಲದಿಂದ ಕಾಗದ ತೆಗೆದು, ಬಿಡಿಸಿ, ಮತ್ತೆ ಮಡಿಸಿ, ಮತ್ತೆ ಬಿಡಿಸಿದಳು. ಬೆವರಿಗೆ ಅವಳ ಹೆಸರಿನ ಮೊದಲ ಅಕ್ಷರ ಉಬ್ಬಿಕೊಂಡಿತ್ತು.

“ಬಾಯಾರ” ಎಂದ ಧೊಂಡಿಬಾ. ಎಲ್ಲರೂ ತಿರುಗಿದರು. “ಅವತ್ತ ನಿಮ್ಮ ಟೈರಿನಾಗಿಂದ ಎಷ್ಟ್ ಮುಳ್ಳ ತೆಗದಿದ್ದೆ, ನೆಪ್ಪದ ಏನ್ರಿ?”

“ಏಳ್ರಿ.”

“ಒಂಬತ್ತ್ರಿ. ಎರಡು ನಿಮಗ ಕಂಡಿದ್ದಿಲ್ಲ. ನೀವು ನೀರ್ ಕುಡ್ಯಾಗ ತೆಗದೆ.” ಅಷ್ಟು ಹೇಳಿ ಅವನು ಕಂಬದ ಕಡೆಗೆ ತಿರುಗಿದ. ಆಮೇಲೆ ಏನೋ ನೆನಪಾದವನಂತೆ, “ಹಾಕ್ರಿ ಬೇಕಾದ್ರ ಸಹಿ. ಹುಡ್ಗ್ಯಾರಿಗಿ ಸೈಕಲ್ ಸಿಗ್ತಾವಂತಲ್ರಿ, ಈ ಸ್ವಪ್ನಿಲ ಸೇಟ್ ಹೇಳಿದ್ರು. ನಡ್ಯಾದು ಎಷ್ಟ್ ತ್ರಾಸ ನಮಗ ಗೊತ್ತದ” ಎಂದ.

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಬೈದಿದ್ದರೆ ಎದುರು ನಿಲ್ಲಬಹುದಿತ್ತು, ಅತ್ತಿದ್ದರೆ ಸಹಿ ಹಾಕಿ ಆಮೇಲೆ ಅಳಬಹುದಿತ್ತು. ಲಲಿತಾಬಾಯಿ ಗಂಡನ ಕಡೆ ನೋಡಿ, “ನೋಡ್ರಿ, ದ್ಯಾವರ ಮಾತು” ಎಂದು ಉಗುಳಿದಳು. ಸಾಹೇಬರು ಗಡಿಯಾರ ನೋಡಿಕೊಂಡರು. ಕುರಿಗಳಿಗೆ ನೀರಿನ ವಾಸನೆ ಹತ್ತಿತ್ತು, ಅವು ತಂತಿಗೆ ಎದೆ ಕೊಟ್ಟು ಒತ್ತುತ್ತಿದ್ದವು. ಆಚೆಗೆ ಐವತ್ತು ಹೆಜ್ಜೆಯಲ್ಲಿ ಕೆರೆ, ಜನವರಿಯದೇ ಬಿಸಿಲು ಅದರ ಮೇಲೆ. ಈಚೆಗೆ ಬಾಯಾರಿದ ಗಂಟಲುಗಳಿಂದ ಒಂದೇ ಸಮನೆ ಸದ್ದು, ಯಾರೋ ಅವಳ ಹೆಸರನ್ನು ತಪ್ಪಾಗಿ ಕರೆಯುತ್ತಿರುವಂತೆ.

ಸ್ವಪ್ನಿಲ ದನಿ ತಗ್ಗಿಸಿದ. “ಇರ್ಲಿ ಬಿಡ್ರಿ, ಸಹಿ ಸಂಜಿಗಿ ಹಾಕ್ರಿ, ಮನ್ಯಾಗ ಕುಂತು ವಿಚಾರ ಮಾಡಿ ಹಾಕ್ರಿ. ಗುಲಶನಗ ನಾಳಿ ಮುಂದಿನ ನಂಬರ್ ಕೊಟ್ಟೀನಿ, ಅಕಿನ್ನೂ ನೆನಸ್ರಿ. ಈಗ ಇಷ್ಟ್ ಮಾಡ್ರಿ. ತಗೋರಿ ಕೀಲಿ. ಬೀಗ ತೆಗದು ಒಳಗ ಹೋಗ್ರಿ, ತಿರುಗಿ ಗೇಟ್ ಹಾಕ್ರಿ, ಸೈಕಲ್ ಹತ್ತಿ ಕೆರಿ ಕಡಿ ಹೋಗಿಬಿಡ್ರಿ. ನಾ ವೀಡಿಯೋ ಹಿಡೀತೀನಿ. ಇಪ್ಪತ್ ಸೆಕೆಂಡ್. ದಾರಿ ಸೈಕಲ್ಲಿಂದೇ ಅಂತ ತೋರಿಸ್ಲಿಕ್ಕಿ ಇವತ್ತಿನ ಮಟ್ಟಿಗಿ ಸಾಹೇಬ್ರಿಗಿ ಅಷ್ಟ್ ಸಾಕು.”

ಕೀಲಿ ಬಿಸಿಯಾಗಿತ್ತು, ಅವನ ಮುಷ್ಟಿಯ ಬಿಸಿ. ಅವಳು ಅದನ್ನು ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಏನು ಮಾಡುತ್ತೇನೆಂದು ಅವಳಿಗೆ ತಿಳಿದಿರಲಿಲ್ಲ. ಹೇಳಿದ ಹಾಗೆ ಮಾಡುವುದೇ ಸುಲಭವೆಂದು ಕೈಗಳಿಗೆ ಗೊತ್ತಿತ್ತು, ಕೈಗಳು ಬೀಗ ತೆಗೆದವು, ಬಾಗಿಲನ್ನು ತಳ್ಳಿದವು, ಸೈಕಲ್ಲನ್ನು ಒಳಗೆ ದಾಟಿಸಿದವು. ಒಳಗಿನ ನೆಲಕ್ಕೆ ಚಕ್ರ ತಾಗಿದಾಗ ಸದ್ದು ನಿಂತಿತು. ಇಲ್ಲಿ ರೋಲರು ಬಂದಿರಲಿಲ್ಲ. ಗೊರಸುಗಳು ಕೂರಿಸಿದ ಹಳೆಯ ನೆಲ, ಅದರ ಮೇಲೆ ಇನ್ನೂ ಒಣಗಿದ ನಾಲ್ಕು ಹಿಕ್ಕೆ. ಅವಳು ಬಗ್ಗಿ ಅವನ್ನು ನೋಡುತ್ತಲೇ ಇದ್ದಳು, ಕಳೆದುಹೋದ ವಸ್ತು ಕಣ್ಣೆದುರೇ ಬಿದ್ದಿದ್ದಾಗ ಎತ್ತಿಕೊಳ್ಳಲು ಹೆದರುವವರಂತೆ.

“ಛಲೋ ಆತು ಮೇಡಮ್, ಹಂಗೇ ತಿರುಗ್ರಿ. ನಗ್ರಿ ಜರಾ. ಈಗ ಗೇಟ್ ಹಾಕ್ರಿ.”

ಅವಳು ತಿರುಗಿದಳು. ಮೊಬೈಲಿನ ಹಿಂದೆ ಸ್ವಪ್ನಿಲನ ಮುಖ, ಅದರಾಚೆ ಜೀಪು, ಕಂಬ, ಕಂಬಳಿ. ಬಾಗಿಲಿನ ನಡುವೆ ಕಿವಿ ಹರಿದ ಕುರಿ ಬಂದು ನಿಂತಿತ್ತು. ಅದು ಒಳಗೆ ನುಗ್ಗಲಿಲ್ಲ, ಮುಂದಿನ ಕಾಲೊಂದನ್ನು ಎತ್ತಿ, ಎಲ್ಲಿ ಇಡಲೆಂದು ನೋಡುತ್ತ ನಿಂತಿತ್ತು. ಅದರ ಹಿಂದೆ ಇಡೀ ಹಿಂಡು ಉಸಿರು ಹಿಡಿದಂತಿತ್ತು. ಬಾಗಿಲಿನ ಕಂಬಿ ಅವಳ ಕೈಯಲ್ಲೇ ಇತ್ತು, ಒಂದು ಮೊಳ ಎಳೆದರೆ ಸಾಕು.

“ಮೇಡಮ್, ಕುರಿ ಬರ್ತಾವ, ಗೇಟ್ ಹಾಕ್ರಿ” ಎಂದ ಸ್ವಪ್ನಿಲ. ಸಾಹೇಬರು ಜೀಪಿನಿಂದ ಒಂದು ಕಾಲು ಕೆಳಗಿಟ್ಟು, “ಏ ಬಾಯಿ, ಗೇಟ್ ಹಾಕ್ರಿ ಮೊದಲ” ಎಂದರು. “ಹಾಕ್ರಿ ಮೇಡಮ್, ವೀಡಿಯೋ ನಡದದ!”

ರೆಬೆಕ್ಕಾ ಕುರಿಗಳಿಗೆ ದಾರಿ ಬಿಟ್ಟು ಸೈಕಲ್ಲನ್ನು ತೆರೆದ ಬಾಗಿಲಿಗೆ ಒರಗಿಸಿ, ಅದು ಮುಚ್ಚಿಕೊಳ್ಳದಂತೆ ಹಿಂದಿನ ಚಕ್ರವನ್ನು ಕಂಬಿಗೆ ಒತ್ತಿ ನಿಲ್ಲಿಸಿದಳು. ದನಿ ಚರ್ಚಿನದಾಗಿರಲಿಲ್ಲ, ಡ್ರಿಲ್ಲಿನದೂ ಆಗಿರಲಿಲ್ಲ, ಯಾರದೆಂದು ಅವಳಿಗೇ ಗುರುತು ಸಿಗಲಿಲ್ಲ.

“ಹಾಕಂಗಿಲ್ರಿ.”